ಬೀದಿಗೆ ಬಂದ ಎರಡು ಒಲೆ

ನಮ್ಮ ಬೀದಿಯ ಮೋಹನ್‌ಕುಮಾರ್ ಕೆಟ್ಟವನಲ್ಲ. ದಡ್ಡನೂ ಅಲ್ಲ. ಯಾವ ವಿಷಯವನ್ನಾದರೂ ಅರ್ಧ ಕೇಳಿ ಪೂರ್ತಿ ತೀರ್ಮಾನ ಮಾಡುವ ಗುಣ ಒಂದಿದೆ, ಅಷ್ಟೆ. ಆ ಗುಣ ಇದ್ದವರು ಸರ್ಕಾರಿ ಕೆಲಸದಲ್ಲಿ ಚೆನ್ನಾಗಿ ಬಾಳುತ್ತಾರೆ, ಇವನೂ ಬಾಳುತ್ತಿದ್ದ. ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ರೇಷನ್ ಕಾರ್ಡಿನ ಮೇಜು ಅವನದು.

ಅಣ್ಣ ತಮ್ಮಂದಿರು ಬಂದು, ‘ನಾವು ಬೇರೆಯಾಗಿದ್ದೀವಿ, ಎರಡು ಕಾರ್ಡು ಮಾಡಿಕೊಡಿ’ ಎಂದರೆ ಮೋಹನ್‌ಕುಮಾರ್ ಅವರ ಕಾಗದ ಪತ್ರಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕನ್ನಡಕ ಮೇಲಕ್ಕೆ ತಳ್ಳಿ ಒಂದೇ ಪ್ರಶ್ನೆ ಕೇಳುತ್ತಿದ್ದ. “ಒಲೆ ಎಷ್ಟು?” ಎರಡು ಎಂದವರ ಮನೆಗೆ ಮೋಟಾರ್ ಬೈಕಿನಲ್ಲಿ ಹೋಗಿ ಅಡುಗೆ ಮನೆಗೆ ಇಣುಕಿ, ಎರಡನೆಯ ಒಲೆಯ ಬೂದಿಗೆ ಕೈ ಇಟ್ಟು ಬಿಸಿ ಇದೆಯೇ ಎಂದು ನೋಡಿ ಬರುತ್ತಿದ್ದ. ತಾಲ್ಲೂಕಿನ ಅರ್ಧ ಮನೆಗಳ ಬೂದಿ ಅವನ ಕೈಗೆ ಅಂಟಿತ್ತು.

ಹೇಳಬೇಕೆಂದರೆ ಇದು ಅವನೊಬ್ಬನ ಕಾನೂನಲ್ಲ. ನಮ್ಮ ಕಡೆ ಒಂದು ಮನೆ ಒಡೆದಿದೆಯೋ ಇಲ್ಲವೋ ಎಂದು ತಿಳಿಯಲು ಯಾರೂ ವಕೀಲರ ಹತ್ತಿರ ಹೋಗುವುದಿಲ್ಲ. ಆ ಮನೆಯಲ್ಲಿ ಎಷ್ಟು ಕಡೆ ಹೊಗೆ ಏಳುತ್ತದೆ ಎಂದು ನೋಡುತ್ತಾರೆ.

ಮೋಹನ್‌ಕುಮಾರನ ಮನೆಯಲ್ಲಿ ಹೊಗೆ ಒಂದೇ ಕಡೆ ಏಳುತ್ತಿತ್ತು. ತಾಯಿ ಸುಬ್ಬಮ್ಮ, ತೆಂಗಿನಕಾಯಿ ಮಂಡಿ ನಡೆಸುವ ಅಣ್ಣ ಪುಟ್ಟರಾಜು, ಅತ್ತಿಗೆ ಚಂದ್ರಕಲಾ, ಹೆಂಡತಿ ರಂಜಿತಾ, ಮಕ್ಕಳು ಎಲ್ಲರೂ ಒಂದೇ ಸೂರಿನಡಿ. ಪುಟ್ಟರಾಜುವಿನದು ಮಾತು ಕಡಿಮೆ. ಕಾಯಿ ತಟ್ಟಿ ನೋಡುವುದರಲ್ಲೇ ಅವನ ಆಯುಷ್ಯ ಸವೆದಿತ್ತು, ಮನುಷ್ಯರನ್ನು ಮಾತಾಡಿಸುವುದು ಅವನಿಗೆ ಹೆಚ್ಚಿನ ಕೆಲಸ. ಆದರೂ ಅಣ್ಣ ಮಂಡಿಯಿಂದ ಬರುವ ತನಕ ತಮ್ಮ ತಟ್ಟೆ ಮುಟ್ಟುತ್ತಿರಲಿಲ್ಲ. ಇಬ್ಬರೂ ಎದುರುಬದುರು ಕೂತು, ಒಂದು ಮಾತೂ ಆಡದೆ ಮುದ್ದೆ ನುಂಗಿ ಏಳುತ್ತಿದ್ದರು. ಮೋಹನ್‌ಕುಮಾರನಿಗೆ ಆ ಊಟ ಇಲ್ಲದಿದ್ದರೆ ದಿನ ಮುಗಿದಂತೆ ಆಗುತ್ತಿರಲಿಲ್ಲ. ಈ ಕಥೆಯಲ್ಲಿ ಅಪಾಯಕ್ಕೆ ಸಿಕ್ಕಿದ್ದು ಆ ಊಟ.

ಶುರುವಾದದ್ದು ಹಾಸನದಲ್ಲಿ. ಕಚೇರಿಯ ಗೆಳೆಯನೊಬ್ಬ ಅಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದ. ಮೋಹನ್‌ಕುಮಾರ್ ಊಟ ಮಾಡಿ ಬರುವ ಬದಲು ಅಡುಗೆ ಮನೆ ನೋಡಿ ಬಂದ.

“ಅವ್ವ, ಓಪನ್ ಕಿಚನ್ ಮಾಡಿಸ್ತೀನಿ. ಹಳೇದೆಲ್ಲ ತೆಗೆದುಬಿಡೋದು. ನಡುವೆ ಒಂದು ಕಟ್ಟೆ ಬತ್ತದೆ, ಅದನ್ನ ಐಲ್ಯಾಂಡ್ ಅಂತಾರೆ.”

“ನಡೂಕೆ ಯಾಕ್ಲಾ ಕಟ್ಟೆ? ಎಡವಿ ಬೀಳಾಕಾ?” ಎಂದಳು ಸುಬ್ಬಮ್ಮ.

ಮೋಹನ್‌ಕುಮಾರ್ ಯೋಚಿಸಿ ನೋಡಿದ. ಹಾಸನದಲ್ಲಿ ಅದರ ಮೇಲೆ ಒಂದು ಹಣ್ಣಿನ ಬುಟ್ಟಿ ಮಾತ್ರ ಇತ್ತು. ಐಲ್ಯಾಂಡ್ ಬೇಡ ಎಂದು ದ್ಯಾವಯ್ಯ ಮೇಸ್ತ್ರಿಗೆ ಮಾರನೆಯ ದಿನವೇ ಹೇಳಿದ. ಅವ್ವನಿಗೆ ಹೇಳುವುದನ್ನು ಮರೆತ. ಪುಟ್ಟರಾಜುವನ್ನು ಕೇಳಿದಾಗ ಅವನು, “ಮಾಡುಸ್ಕೊ,” ಎಂದ. ಅವನ ಮಟ್ಟಿಗೆ ಅದು ಭಾಷಣ.

ದ್ಯಾವಯ್ಯ ಬಂದ, ಹಾರೆ ಹಾಕಿದ, ಅಡುಗೆ ಮನೆ ಮಣ್ಣಿನ ಗುಡ್ಡೆಯಾಯಿತು. ಹಿತ್ತಿಲ ತುಂಬ ಮರಳು, ಜಲ್ಲಿ, ಇಟ್ಟಿಗೆ. ಅಡುಗೆಗೆ ಉಳಿದದ್ದು ಬೀದಿ ಕಡೆಯ ಜಾಗ ಮಾತ್ರ. ಜಗುಲಿಯ ಎಡಕ್ಕೆ ಗ್ಯಾಸ್ ಒಲೆ ಇಟ್ಟುಕೊಂಡು ರಂಜಿತಾ ಮನೆಯವರ ತಿಂಡಿ, ಮಕ್ಕಳ ಡಬ್ಬಿ ನೋಡಿಕೊಂಡಳು. ಮಂಡಿಯ ಕೂಲಿಯವರಿಗೆಲ್ಲ ಮುದ್ದೆ ಬೇಯಿಸುವ ಚಂದ್ರಕಲಾಗೆ ಗ್ಯಾಸು ಸಾಲದು, ಅವಳು ಅಂಗಳದ ಬಲಕ್ಕೆ ಸೀಬೆ ಮರದ ಕೆಳಗೆ ಮೂರು ಕಲ್ಲಿಟ್ಟು ಸೌದೆ ಒಲೆ ಹೂಡಿದಳು. ಇಬ್ಬರ ನಡುವೆ, ಅಂಗಳದಲ್ಲಿ, ಸುಬ್ಬಮ್ಮ ಮಣೆ ಹಾಕಿಕೊಂಡು ಕೂತು ಮನೆಯ ಪಾತ್ರೆಗಳನ್ನು ಎರಡು ಗುಡ್ಡೆ ಮಾಡಿದಳು.

“ಈ ಕೊಳಗ ಚಂದ್ರಕಲಂಗೆ. ಕುಕ್ಕರು ರಂಜಿತಂಗೆ. ತಪ್ಪಲೆ ಎರಡವೆ, ಒಂದೊಂದು ತಕ್ಕಳಿ. ಒಬ್ರುದ್ನ ಒಬ್ರು ಮುಟ್ಬ್ಯಾಡಿ, ಆಮೇಲೆ ಯಾವ್ದೆಲ್ಲೋಯ್ತು ಅಂತ ಉಡುಕ್ಕಂಡು ಕೂರಕ್ಕೆ ನಂಗಾಗಲ್ಲ!”

ಎದುರು ಮನೆಯ ಅಂಬುಜಮ್ಮ ಆಗ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಿದ್ದರು. ಆ ಬಳ್ಳಿಗೆ ಹುಟ್ಟಿದಾಗಿನಿಂದ ಅಷ್ಟು ನೀರು ಬಿದ್ದಿರಲಿಲ್ಲ. ಅವರು ನೋಡನೋಡುತ್ತಿದ್ದಂತೆ ದ್ಯಾವಯ್ಯ ಮುಂಬಾಗಿಲಿನಿಂದ ಹಿಂಬಾಗಿಲಿಗೆ, ಮನೆಯ ನಟ್ಟನಡುವೆ, ಬಿಗಿಯಾಗಿ ಒಂದು ದಾರ ಕಟ್ಟಿದ. ನೆಲದ ನೀರು ಸರಿಯಾಗಿ ಹಿಂದಕ್ಕೆ ಹರಿಯಲಿ ಎಂದು ಮಟ್ಟ ನೋಡುವ ದಾರ ಅದು. ಅಂಬುಜಮ್ಮನವರಿಗೆ ಅದು ಹಾಗೆ ಕಾಣಲಿಲ್ಲ. ಅವರು ಚೊಂಬು ಅಲ್ಲೇ ಇಟ್ಟು ಒಳಗೆ ಹೋದರು.

“ಏನ್ರೀ, ಎದುರು ಮನೆ ಭಾಗ ಆಗ್ತಿದೆ. ಒಲೆ ಎರಡಾಯ್ತು, ಪಾತ್ರೆ ಹಂಚಿಕೊಂಡ್ರು, ಮನೆ ಅಳೆದು ದಾರಾನೂ ಕಟ್ಟಿದ್ರು. ಪಾಪ, ಸುಬ್ಬಮ್ಮ ತಾನೇ ಕೈಯಾರೆ ಹಂಚಿದ್ರು.”

ಅವರ ಗಂಡ ನಂಜುಂಡಯ್ಯನವರು ನಿವೃತ್ತ ಹೆಡ್‌ಮಾಸ್ಟರು. ವಿಚಾರಿಸದೆ ಏನನ್ನೂ ನಂಬುವವರಲ್ಲ. ಬೆಳಿಗ್ಗೆ ಮೋಹನ್‌ಕುಮಾರ್ ತಲೆಯ ಮೇಲಿನ ಸಿಮೆಂಟ್ ಧೂಳು ಕೊಡವುತ್ತ ಬೈಕ್ ಹತ್ತುವಾಗ ಹಿಡಿದರು.

“ಏನಪ್ಪಾ ಮೋಹನ, ಇಷ್ಟು ವರ್ಷದ ಮೇಲೆ ಹೀಗೆ ಮಾಡಿಬಿಟ್ಟೆ?”

“ಮಾಡಲೇಬೇಕಿತ್ತು ಸಾರ್. ಎಷ್ಟು ದಿನ ಅಂತ ಇಕ್ಕಟ್ಟಲ್ಲಿ ಇರೋದು?”

“ನಿಮ್ಮಣ್ಣನಿಗೆ ನೋವಾಗಿರಬೇಕು.”

“ಅವನಿಗೇನು ನೋವು ಸಾರ್? ಬೆಳಿಗ್ಗೆ ಎದ್ದು ಮಂಡಿಗೆ ಹೋಗ್ತಾನೆ. ಧೂಳು ಕುಡಿಯೋನು ನಾನು!”

ನಂಜುಂಡಯ್ಯನವರು ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ವಿಚಾರಣೆ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್ ಹತ್ತಿ ಅರಕಲಗೂಡು ತಲುಪಿತು. ಅಲ್ಲಿ ಕೊಟ್ಟ ತಂಗಿ ಮೇಘಶ್ರೀ ತರಕಾರಿ ಅಂಗಡಿಯಲ್ಲಿ ಅದನ್ನು ಕೇಳಿಸಿಕೊಂಡು, ತರಕಾರಿ ಅಲ್ಲೇ ಬಿಟ್ಟು, ಶಾಂತಿಗ್ರಾಮದಲ್ಲಿರುವ ಸೋದರಮಾವ ಕಾಳೇಗೌಡನಿಗೆ ಫೋನ್ ಮಾಡಿದಳು.

“ಮಾವ, ನಂಗೆ ಏನೂ ಬ್ಯಾಡ. ಅವ್ವನ ಹಿತ್ತಾಳೆ ಹಂಡೆ ಒಂದಿದ್ರೆ ಸಾಕು. ಆದ್ರೂ ಒಂದು ಮಾತು ಕೇಳ್ಬೇಕಿತ್ತಲ್ವಾ? ಹಂಡೆ, ಆಮೇಲೆ ಆ ತೂಗುದೀಪ. ಬೀಸೋ ಕಲ್ಲೂ ಅವರ್ಗೇನು ಬ್ಯಾಡ ಬುಡು.”

ಕಾಳೇಗೌಡ ನಾಲ್ಕು ಹಳ್ಳಿಯ ಜಗಳ ಬಿಡಿಸಿದವನು. ಜಗಳ ಇಲ್ಲದ ಕಡೆಯೂ ಬಿಡಿಸಿದ್ದಾನೆ. ಕರೆ ಬಂದ ಕೂಡಲೇ ಬಿಳಿ ಪಂಚೆ ಉಟ್ಟು ಬಸ್ಸಿಗೆ ನಿಂತ.

ಇತ್ತ ಕಚೇರಿಯಲ್ಲಿ ಈಶ್ವರಯ್ಯ ಎಂಬವನು ಮೋಹನ್‌ಕುಮಾರನ ಮೇಜಿನ ಮುಂದೆ ಬಂದು ನಿಂತ. ತಮ್ಮನಿಂದ ಬೇರೆಯಾಗಿದ್ದೇನೆ ಎಂದು ಅವನು ಕೊಟ್ಟ ಅರ್ಜಿಯನ್ನು, ಎರಡನೆಯ ಒಲೆಯ ಬೂದಿ ತಣ್ಣಗಿದೆ ಎಂದು ಮೋಹನ್‌ಕುಮಾರ್ ವಾಪಸ್ ಕಳಿಸಿದ್ದ. ಈ ಸಲ ಈಶ್ವರಯ್ಯ ಕೈ ಮುಗಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

“ಸಾ, ನೀವು ನಮ್ಮನೆ ಒಲೆ ನೋಡಾಕೆ ಬಂದಿದ್ರಲ್ಲ. ನಾನೂ ನೆನ್ನೆ ನಿಮ್ಮನೆ ಒಲೆ ನೋಡ್ಕಂಡು ಬಂದೆ.”

“ನಮ್ಮನೇಲಿ ಏನಿದೆ ನೋಡೋಕೆ?”

“ಎರಡವೆ. ಬೂದಿ ಮುಟ್ಟಿದೆ ಸಾ, ಸುಡ್ತು.”

ಅಕ್ಕಪಕ್ಕದ ಮೇಜಿನವರೆಲ್ಲ ಬರೆಯುವುದನ್ನು ನಿಲ್ಲಿಸಿದರು. ಮೋಹನ್‌ಕುಮಾರನ ಮುಖ ಕೆಂಪಾಯಿತು. “ಅದು ಟೆಂಪರರಿ ಕಣಯ್ಯ! ಅಡುಗೆ ಮನೆ ರಿಪೇರಿ ನಡೀತಿದೆ!”

“ಎಲ್ರೂ ಏನೋ ಒಂದು ಏಳ್ತಾರೆ ಸಾ. ಬಾಯಿ ಸುಳ್ಳು ಏಳ್ತದೆ, ಒಲೆ ಏಳಲ್ಲ ಅಂತ ನೀವೇ ತಾನೆ ಅಂದಿದ್ದು? ನಿಮ್ದು ಬ್ಯಾರೆ ಆದಂಗೆ ನಮ್ದೂ ಬ್ಯಾರೆ ಮಾಡ್ಕೊಡಿ.”

ಆಗ ಮೋಹನ್‌ಕುಮಾರನಿಗೆ ಊರು ಏನಂದುಕೊಂಡಿದೆ ಎಂದು ಗೊತ್ತಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ನಗು. ಅಣ್ಣನಿಗೆ ಹೇಳಬೇಕು, ಇಬ್ಬರೂ ಸೇರಿ ನಗಬೇಕು ಎಂದುಕೊಂಡು ಸಂಜೆ ಮನೆಗೆ ಓಡಿದ. ಅಣ್ಣ ನಕ್ಕದ್ದನ್ನು ಅವನು ಎಂದೂ ನೋಡಿರಲಿಲ್ಲ. ಈ ಸಲ ನೋಡಬಹುದು ಎಂಬ ಆಸೆ ಇತ್ತು.

ಆದರೆ ಕಾಳೇಗೌಡನ ಬಸ್ಸು ಮೊದಲು ಬಂದಿತ್ತು. ಅವನು ನೇರವಾಗಿ ಮಂಡಿಗೆ ಹೋಗಿ ಪುಟ್ಟರಾಜುವಿನ ಎದುರು ಕಾಯಿಯ ರಾಶಿಯ ಮೇಲೇ ಕೂತಿದ್ದ.

“ನಿನ್ ತಮ್ಮ ಬ್ಯಾರೆ ಆಯ್ತೀನಿ ಅಂತ ಕುಂತವ್ನಂತೆ.”

ಪುಟ್ಟರಾಜು ಕೈಯಲ್ಲಿದ್ದ ಕಾಯಿ ತಟ್ಟಿದ. ತಟ್ಟಿದ ಕಾಯಿಯನ್ನೇ ಇನ್ನೊಂದು ಸಲ ತಟ್ಟಿದ. “ಅವ್ನು ಅಂದ್ನಾ?”

“ಊರೇ ಅಂತಾದೆ. ಎಡ್‌ಮಾಸ್ಟ್ರು ತಾವೇ ಕೇಳವ್ರೆ. ಅಣ್ಣಂಗೇನು ನೋವು, ಧೂಳು ಕುಡಿಯೋನು ನಾನು ಅಂದ್ನಂತೆ.”

ಪುಟ್ಟರಾಜು ಕಾಯಿ ಕೆಳಗಿಟ್ಟ. “ಅಂಗಾರೆ ಬೀದಿ ಕಡೆ ಅವ್ನಿಗೇ ಕೊಡು,” ಎಂದು ಎದ್ದು ಕಾಯಿ ಎಣಿಸಲು ಹೋದ.

ಆ ಮಾತನ್ನು ಕಾಳೇಗೌಡ ಜೋಪಾನವಾಗಿ ಹೊತ್ತುಕೊಂಡು ಬಂದು ಜಗುಲಿಯ ಮೇಲೆ ಮೋಹನ್‌ಕುಮಾರನ ಮುಂದೆ ಇಳಿಸಿದ. “ನಿಮ್ಮಣ್ಣ ದೊಡ್ಡ ಮನ್ಸ ಕಣ್ಲಾ. ಬೀದಿ ಕಡೆ ಭಾಗ ನಿಂಗೇ ಬುಟ್ಟವ್ನೆ.”

“ಅಣ್ಣನೇ ಅಂದನಾ?”

“ಅವ್ನ ಬಾಯಿಂದ್ಲೇ ಕೇಳ್ದೆ.”

ಮೋಹನ್‌ಕುಮಾರನ ನಗು ಅಲ್ಲೇ ಹಿಂಗಿತು. ಊರು ಅಂದರೆ ಅಂದುಕೊಳ್ಳಲಿ, ಆದರೆ ಅಣ್ಣನೇ? ಮಂಡಿಗೆ ಹೋಗಿ ಅಣ್ಣನನ್ನು ಒಂದು ಮಾತು ಕೇಳಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನನಗೂ ಬರೆಯುವ ಶ್ರಮ ಉಳಿಯುತ್ತಿತ್ತು. ಆದರೆ ಆ ಮನೆಯಲ್ಲಿ ಹಿರಿಯರನ್ನು ಎದುರಿಗೆ ನಿಂತು ‘ಯಾಕೆ’ ಎಂದು ಕೇಳುವ ರೂಢಿ ಇಲ್ಲ. “ಅಣ್ಣ ಅಂದ ಮೇಲೆ ಮುಗೀತು. ಏನು ಮಾಡ್ತೀಯೋ ಮಾಡು ಮಾವ,” ಎಂದ. ಹೇಳಿ ಕಣ್ಣೊರೆಸಿಕೊಂಡ. ಧೂಳು ಎಂದು ಕೆಮ್ಮಿದ.

ಕತ್ತಲಾಗುವ ಹೊತ್ತಿಗೆ ಪುಟ್ಟರಾಜು ಬಂದ. ಬಂದವನು ಜಗುಲಿಗೆ ಹತ್ತಲಿಲ್ಲ. ಸೀಬೆ ಮರದ ಕೆಳಗೆ ಕಲ್ಲಿನ ಮೇಲೆ ಕೂತು, ಚಂದ್ರಕಲಾ ಹಾಕಿದ ಮುದ್ದೆ ಉಂಡು, ಕೈ ತೊಳೆದು ಒಳಗೆ ಹೋದ. ಜಗುಲಿಯ ಮೇಲೆ ಮೋಹನ್‌ಕುಮಾರನ ತಟ್ಟೆ ಹಾಗೇ ಇತ್ತು. ರಂಜಿತಾ, “ಭಾವ ಅಲ್ಲೇ ಉಂಡ್ರಂತೆ, ನೀವೂ ಉಣ್ಣಿ,” ಎಂದಳು. ಅವನಿಗೆ ಸೇರಲಿಲ್ಲ. ಇಡೀ ತಾಲ್ಲೂಕಿನ ಒಲೆ ನೋಡಿದವನು ಆ ದಿನ ತನ್ನ ಮನೆಯ ಎರಡೂ ಒಲೆಗಳನ್ನು ನೋಡಿದ. ಈಶ್ವರಯ್ಯ ಹೇಳಿದ್ದು ನಿಜ, ಎರಡರಲ್ಲೂ ಬೆಂಕಿ ಇತ್ತು.

ಕಾಳೇಗೌಡನ ತೀರ್ಪು ಬೆಳಿಗ್ಗೆಯೇ ಸಿದ್ಧವಾಯಿತು. “ಮನೆ ಒಡ್ಯಾದು ಬ್ಯಾಡ. ಅಡುಗೆ ಮನೆ ನಡೂಕೆ ಒಂದು ಗೋಡೆ ಆಕಿ. ಆ ಕಡೆ ಒಂದೊಲೆ, ಈ ಕಡೆ ಒಂದೊಲೆ. ಅಕ್ಕಂಗೆ ಮಾತ್ರ ಈಗ್ಲೇ ಏಳ್ಬ್ಯಾಡಿ, ಹೆತ್ತ ಕರ್ಳು, ತಡ್ಕಳಾಕಿಲ್ಲ. ಗೋಡೆ ಎದ್ದ ಮ್ಯಾಲೆ ನಿಧಾನಕ್ಕೆ ಏಳನ.” ಹೀಗೆ ವಿಷಯ ಗೊತ್ತಿಲ್ಲದಿದ್ದದ್ದು ಆ ಬೀದಿಯಲ್ಲಿ ಸುಬ್ಬಮ್ಮನಿಗೆ ಮತ್ತು ಅವಳ ಇಬ್ಬರು ಸೊಸೆಯರಿಗೆ ಮಾತ್ರ. ಅಣ್ಣ ತಮ್ಮ ಮುಖ ಊದಿಸಿಕೊಂಡು ಓಡಾಡುವುದನ್ನು ಅವರು ಕಂಡರು. ಕಟ್ಟಡದ ಕೆಲಸ ಹಿಡಿದ ಮೇಲೆ ಗಂಡಸರು ಹಾಗೇ ಇರುತ್ತಾರೆ ಎಂದು ತಮ್ಮ ಪಾಡಿಗೆ ಕಾಳು ಬಿಡಿಸಿದರು.

ಕಷ್ಟಕ್ಕೆ ಬಂದದ್ದು ದ್ಯಾವಯ್ಯನಿಗೆ. ಎರಡು ವರಸೆ ಇಟ್ಟಿಗೆ ಕೂರಿಸಿ ಪುಟ್ಟರಾಜುವನ್ನು ಕೇಳಿದ. “ಯಜಮಾನ್ರೇ, ಗೋಡೆ ಎಷ್ಟೆತ್ರ?”

ಪುಟ್ಟರಾಜು ಗೋಡೆ ನೋಡಿದ. ತಮ್ಮನಿಗೆ ಇಷ್ಟೊಂದು ಅವಸರವೇ ಎನಿಸಿತು. “ತಮ್ಮನ್ನ ಕೇಳು.”

ದ್ಯಾವಯ್ಯ ಇನ್ನೆರಡು ವರಸೆ ಕೂರಿಸಿ ಮೋಹನ್‌ಕುಮಾರನನ್ನು ಕೇಳಿದ.

“ಅಣ್ಣ ಏನಂದ?”

“ನಿಮ್ಮನ್ನ ಕೇಳು ಅಂದ್ರು.”

“ಅಷ್ಟೂ ಹೇಳಕ್ಕಾಗಲ್ವಂತಾ ಅವನಿಗೆ? ಅವನಿಗೆ ಎಷ್ಟು ಬೇಕೋ ಅಷ್ಟು ಏರಿಸು!”

ಈ ಉತ್ತರ ಹೊತ್ತುಕೊಂಡು ದ್ಯಾವಯ್ಯ ಮಂಡಿಗೆ ಹೋದ. “ಅವ್ನಿಗೆ ಎಷ್ಟು ಬೇಕೋ ಅಷ್ಟು ಏರ್ಸು,” ಎಂದ ಪುಟ್ಟರಾಜು. ಒಬ್ಬರ ಮರ್ಯಾದೆಗೆ ಒಂದು ವರಸೆ, ಇನ್ನೊಬ್ಬರ ಸಿಟ್ಟಿಗೆ ಒಂದು ವರಸೆ, ಗೋಡೆ ತಾನಾಗಿ ಬೆಳೆಯಿತು. ಒಬ್ಬನಾದರೂ ‘ಸಾಕು’ ಎನ್ನಲಿ ಎಂದು ದ್ಯಾವಯ್ಯ ದೇವರನ್ನು ಬೇಡಿಕೊಂಡ. ಇಬ್ಬರೂ ಅದನ್ನೇ ಬೇಡಿಕೊಳ್ಳುತ್ತಿದ್ದರು, ಇನ್ನೊಬ್ಬನ ಬಾಯಿಂದ.

ಕೊನೆಗೆ ಅದನ್ನು ಅಂದವಳು ಸುಬ್ಬಮ್ಮ. ಎಲೆ ಅಡಿಕೆ ಜಗಿಯುತ್ತ ಬಂದವಳು ಗೋಡೆಗೆ ಹೊಟ್ಟೆ ತಾಗಿಸಿ ನಿಂತು, ಅದರ ಮೇಲೆ ಎರಡೂ ಕೈ ಆಡಿಸಿದಳು. “ಸಾಕು ನಿಲ್ಸಪ್ಪ. ನನ್ ಸ್ವಂಟಕ್ಕೆ ಸರಿಯಾಗೈತೆ. ಇದಕ್ಕಿಂತ ಎತ್ರ ಆದ್ರೆ ನಂಗೆಟುಕಲ್ಲ.”

ಭಾಗದ ಗೋಡೆ ಮುದುಕಿಯ ಸೊಂಟಕ್ಕೆ ಯಾಕೆ ಸರಿಹೋಗಬೇಕು ಎಂದು ದ್ಯಾವಯ್ಯನಿಗೆ ಅರ್ಥವಾಗಲಿಲ್ಲ. ಆದರೆ ಆ ಮನೆಯಲ್ಲಿ ಅವನಿಗೆ ಸಿಕ್ಕ ಮೊದಲ ನೇರ ಉತ್ತರ ಅದು. ಕರಣೆ ತೊಳೆದು ಕೆಳಗಿಟ್ಟ.

ಶುಕ್ರವಾರ ಹಾಲು ಉಕ್ಕಿಸುವುದು ಎಂದು ನಿಶ್ಚಯವಾಯಿತು. ಸಾಮಾನ್ಯವಾಗಿ ಅಡುಗೆ ಮನೆಯ ಹಾಲಿಗೆ ಮನೆಯವರಷ್ಟೇ ಇರುತ್ತಾರೆ. ಆ ದಿನ ಇಡೀ ಬೀದಿ ಸೇರಿತ್ತು. ಮೇಘಶ್ರೀ ಅರಕಲಗೂಡಿನಿಂದ ಒಂದು ಹಂಡೆ ಹಿಡಿಸುವಷ್ಟು ದೊಡ್ಡ ಚೀಲ ತಂದಿದ್ದಳು. ಅಂಬುಜಮ್ಮ ಮಲ್ಲಿಗೆ ತಂದಿದ್ದರು, ಎರಡು ಮೊಳ, ಎರಡಾಗಿ ಕತ್ತರಿಸಿ. ನಂಜುಂಡಯ್ಯನವರು ಎರಡು ಸಮಾಧಾನದ ಮಾತು ಸಿದ್ಧ ಮಾಡಿಕೊಂಡಿದ್ದರು. ಈಶ್ವರಯ್ಯ ಅರ್ಜಿ ಸಮೇತ ಬಾಗಿಲಲ್ಲಿ ನಿಂತಿದ್ದ. ಒಳಗೆ ಗೋಡೆಯ ಆ ಕಡೆ ಒಂದು ಗ್ಯಾಸ್ ಒಲೆ, ಈ ಕಡೆ ಇನ್ನೊಂದು, ನೆಲದ ಮೇಲೆ. ಕಾಳೇಗೌಡ ತಾನೇ ನಿಂತು ಇಡಿಸಿದ್ದ. ಅಣ್ಣ ಒಂದು ಮೂಲೆ, ತಮ್ಮ ಒಂದು ಮೂಲೆ ಹಿಡಿದು ನೆಲ ನೋಡುತ್ತಿದ್ದರು.

ಸುಬ್ಬಮ್ಮ ಹಾಲಿನ ಪಾತ್ರೆ ಹಿಡಿದು ಬಂದಳು. ಎರಡು ಒಲೆ ನೋಡಿದಳು, ಬೋಳು ಗೋಡೆ ನೋಡಿದಳು.

“ಏನ್ಲಾ ಮೋಹನ ಇದು? ಐಲ್ಯಾಂಡ್ ಮ್ಯಾಲೆ ಇನ್ನೂ ಕಲ್ಲು ಆಕ್ಸಿಲ್ಲ, ನೆಲದ ಮ್ಯಾಲೆ ಆಲು ಉಕ್ಕುಸ್ತೀಯಾ?”

ಮೋಹನ್‌ಕುಮಾರ್ ತಲೆ ಎತ್ತಿದ. “ಯಾವ ಐಲ್ಯಾಂಡ್ ಅವ್ವ?”

“ಇದೇ! ನಡೂಕೆ ಕಟ್ಟೆ ಬತ್ತದೆ ಅಂತ ನೀನೇ ಕುಣುದ್ಯಲ್ಲ. ನಾನೇ ಸ್ವಂಟಕ್ಕೆ ಅಳತೆ ಕೊಟ್ಟು ನಿಲ್ಲುಸ್ದೆ.”

ಕಾಳೇಗೌಡ ಗಂಟಲು ಸರಿಮಾಡಿಕೊಂಡ. “ಅಕ್ಕ, ಗಟ್ಟಿ ಮನ್ಸು ಮಾಡ್ಕೊ. ಅದು ಕಟ್ಟೆ ಅಲ್ಲ. ಭಾಗದ ಗೋಡೆ.”

“ಯಾರ್ ಭಾಗ?”

“ನಿನ್ ಮಕ್ಕಳ್ದು.”

“ಯಾರ್ಲಾ ಕೇಳಿದ್ದು ಭಾಗವ?”

ಒಳ್ಳೆಯ ಪ್ರಶ್ನೆ. ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಪುಟ್ಟರಾಜು ತಮ್ಮನ ಕಡೆ ತಿರುಗಿದ. “ನೀನು.”

“ನಾನಾ? ನೀನಲ್ವಾ ಅಣ್ಣ? ಬೀದಿ ಕಡೆ ಕೊಟ್ಟುಬುಡು ಅಂದ್ಯಂತಲ್ಲ!”

“ನೀನ್ ಕೇಳ್ದೆ ಅಂತ ಮಾವ ಅಂದ.”

ಮಾವ ಮೇಘಶ್ರೀಯ ಕಡೆ ನೋಡಿದ. ಮೇಘಶ್ರೀ, “ಊರೆಲ್ಲಾ ಅಂತಿತ್ತು,” ಎಂದು ಅಂಬುಜಮ್ಮನವರ ಕಡೆ ನೋಡಿದಳು. ಅಂಬುಜಮ್ಮ ಗಂಡನ ಕಡೆ ನೋಡಿ, “ಇವರೇ ವಿಚಾರಿಸಿದ್ದು,” ಎಂದರು. ನಂಜುಂಡಯ್ಯನವರು ಮೋಹನ್‌ಕುಮಾರನ ಕಡೆ ಬೆರಳು ಮಾಡಿ, “ನೀನೇ ಅಲ್ಲವೇನಪ್ಪಾ ಅಂದದ್ದು, ಮಾಡಲೇಬೇಕಿತ್ತು ಅಂತ?” ಎಂದರು.

“ಅಡುಗೆ ಮನೇನ ಸಾರ್!”

ಹೊರಗೆ ಯಾರೋ ನಕ್ಕರು. ಚಂದ್ರಕಲಾ ಮತ್ತು ರಂಜಿತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಯ್ಯೋ, ನಾವು ಬ್ಯಾರೆ ಆಗಿದ್ವಾ ಅಕ್ಕ?” ಎಂದಳು ರಂಜಿತಾ. “ನಂಗೊಂದು ಮಾತು ಏಳ್ಬಾರ್ದಾ, ಆ ದೊಡ್ಡ ಕುಕ್ಕರ್ ನಾನಿಟ್ಕತಿದ್ದೆ,” ಎಂದಳು ಚಂದ್ರಕಲಾ.

ಸುಬ್ಬಮ್ಮ ಹಾಲಿನ ಪಾತ್ರೆ ಕೆಳಗಿಟ್ಟಳು. ಬಯ್ಯಲಿಲ್ಲ. ಒಬ್ಬೊಬ್ಬರನ್ನೇ ತಲೆಯಿಂದ ಕಾಲಿನ ತನಕ ನೋಡಿ, ಅಂಗಳದಲ್ಲಿ ಅಡುಗೆ ಕಟ್ಟೆಗೆಂದು ತಂದು ಗೋಡೆಗೆ ಒರಗಿಸಿದ್ದ ಗ್ರಾನೈಟ್ ಕಲ್ಲಿನ ಕಡೆ ಕೈ ತೋರಿಸಿದಳು.

“ಭಾಗ ಮಾಡಾಕೆ ಬಂದೋರೆಲ್ಲ ಬನ್ನಿ. ಎತ್ತಿ ಅದ್ನ.”

ನಾಲ್ಕು ಹಳ್ಳಿಯ ನ್ಯಾಯ ಹೇಳಿದ ಕಾಳೇಗೌಡ ಬಿಳಿ ಪಂಚೆ ಮೇಲಕ್ಕೆ ಕಟ್ಟಿದ. ನಂಜುಂಡಯ್ಯನವರು ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಈಶ್ವರಯ್ಯ ಅರ್ಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಒಂದು ಮೂಲೆ ಹಿಡಿದ. ಅಣ್ಣ ಮುಂದೆ, ತಮ್ಮ ಹಿಂದೆ. ದ್ಯಾವಯ್ಯ ಮಾತ್ರ ಏನೂ ಎತ್ತದೆ, “ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ,” ಎಂದು ಅಪ್ಪಣೆ ಕೊಡುತ್ತ, ಕೆಳಗೆ ಗಾರೆ ಹಾಕಿ ಕಲ್ಲನ್ನು ಕೂರಿಸಿದ. ಅಳತೆ ತೆಗೆದು ಕೊಯ್ಯಿಸಿದಂತೆ ಕೂತಿತು. ಸುಬ್ಬಮ್ಮ ಸೆರಗಿನಿಂದ ಅದನ್ನು ಒರೆಸಿ, ಕಾಲಿನಲ್ಲಿ ಒಂದು ಒಲೆಯನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಎತ್ತಿ ಕಲ್ಲಿನ ಮೇಲೆ ಇಡಿಸಿ ಹಾಲು ಉಕ್ಕಿಸಿದಳು. ಅಂಬುಜಮ್ಮ ಕತ್ತರಿಸಿದ ಎರಡು ಮೊಳ ಮಲ್ಲಿಗೆಯನ್ನು ಯಾರಿಗೂ ಕಾಣದಂತೆ ಗಂಟು ಹಾಕುತ್ತಿದ್ದರು.

ಮಧ್ಯಾಹ್ನದ ಊಟ ಅಲ್ಲೇ ಆಯಿತು. ಬಂದವರಿಗೆಲ್ಲ ಜಗುಲಿಯಲ್ಲಿ ಎಲೆ ಹಾಕಿದ್ದರು. ಅಣ್ಣ ತಮ್ಮಂದಿರಿಗೆ ಮಾತ್ರ ಸುಬ್ಬಮ್ಮ ಆ ಕಲ್ಲಿನ ಮೇಲೇ ಎರಡು ತಟ್ಟೆ ಇಟ್ಟಳು. ಒಬ್ಬ ಆ ಕಡೆ, ಒಬ್ಬ ಈ ಕಡೆ ನಿಂತರು.

ಮೋಹನ್‌ಕುಮಾರ್ ಮುದ್ದೆಗೆ ಕೈ ಹಾಕಲಿಲ್ಲ. ಆ ಮನೆಯಲ್ಲಿ ಇಲ್ಲದ ರೂಢಿಯನ್ನು ಆ ದಿನ ಮಾಡಿದ. “ಅಣ್ಣ, ಬೀದಿ ಕಡೇನ ನಂಗೆ ಯಾಕೆ ಕೊಟ್ಟೆ?”

ಪುಟ್ಟರಾಜು ಸಾರು ಕಲಸುತ್ತ ಯೋಚಿಸಿದ. “ಗಾಳಿ ಬತ್ತದೆ. ಸೆಕೆ ಆದ್ರೆ ನಿಂಗೆ ನಿದ್ದೆ ಬರಾಕಿಲ್ವಲ್ಲ.”

ಮೋಹನ್‌ಕುಮಾರನ ಕಣ್ಣು ತುಂಬಿತು. ಧೂಳು ಎನ್ನಲು ಧೂಳೂ ಇರಲಿಲ್ಲ.

“ಉಣ್ಣು. ಆರೋಯ್ತದೆ,” ಎಂದ ಅಣ್ಣ.

ಆಗ ಈಶ್ವರಯ್ಯ ಎಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಹಲ್ಲಿನ ಗುರುತು ಬಿದ್ದ ಅರ್ಜಿ ಹಿಡಿದು ಅಡುಗೆ ಮನೆಯ ಬಾಗಿಲಲ್ಲಿ ನಿಂತ. “ಸಾ, ಈಗ ಒಲೆ ಎಷ್ಟು?”

ಮೋಹನ್‌ಕುಮಾರನ ಬಾಯಿ ತುಂಬ ಮುದ್ದೆ ಇತ್ತು. ಎಡಗೈ ಎತ್ತಿ ಒಂದು ಬೆರಳು ತೋರಿಸಿದ.